ಹಿಡಿದು ಬಿಡುವವರು

ಮೀನು ತಿನ್ನದ ಊರಿಗೆ ಮೀನಿನ ಚಿಂತೆ ಯಾಕೆ ಎಂದು ಔರಾದ ಶಹಾಜನಿಯ ಸಂತೆಯಲ್ಲಿ ಜನ ನಮ್ಮನ್ನು ಈಗಲೂ ಚುಡಾಯಿಸುತ್ತಾರೆ. ಚುಡಾಯಿಸಲಿ. ತೇರಣಾ ದಂಡೆಯ ನಮ್ಮೂರಲ್ಲಿ ಲಿಂಗ ಕಟ್ಟಿದ ಒಕ್ಕಲು ಮನೆಗಳೇ ಹೆಚ್ಚು. ಮೀನಿನ ಬುಟ್ಟಿ ಎದುರಾದರೆ ಮೂಗು ಮುಚ್ಚಿಕೊಂಡು ಸುತ್ತು ಹಾಕಿ ಹೋಗುವ ಮಂದಿ ನಾವು. ಆದರೆ ಊರ ಕೆಳಗಿನ ಮಡುವಿನ ಮೀನುಗಳ ಮಾತು ಬೇರೆ. ಅವು ನಮ್ಮ ಲೆಕ್ಕದಲ್ಲಿ ಮೀನೇ ಅಲ್ಲ, ಮನೆ ಮಂದಿ.

ಜಂಗಮರು ಗಂಟೆ ಬಾರಿಸುತ್ತ ಭಿಕ್ಷೆಗೆ ಬಂದಾಗ ನಮ್ಮ ಹೆಂಗಸರು ಜೋಳಿಗೆಗೆ ಜೋಳ ನೀಡಿ, ಮೇಲೊಂದು ಹಿಡಿ ಹೆಚ್ಚಿಗೆ ಹಾಕುತ್ತಿದ್ದರು. ಅದು ಮಡುವಿನ ಪಾಲು. ಭಿಕ್ಷೆ ಮುಗಿದ ಮೇಲೆ ಮಡುವಿಗೆ ಇಳಿದು ಅದೇ ಗಂಟೆ ಬಾರಿಸಿದರೆ ಸಾಕು, ತೊಡೆಗಾತ್ರದ ಹೊಂಬಣ್ಣದ ಮೀನುಗಳು ತಳದಿಂದ ಎದ್ದು ದಂಡೆಗೆ ಬಂದು ಬಾಯಿ ತೆರೆಯುತ್ತಿದ್ದವು. ಎಷ್ಟು ತಲೆಮಾರಿನ ರೂಢಿಯೋ ಯಾರಿಗೂ ಗೊತ್ತಿಲ್ಲ.

ಈ ಕತೆಯ ಕಾಲಕ್ಕೆ ಆ ಗಂಟೆ ಜಂಗಮರ ಮನೆಯ ಗುರಮ್ಮನ ಕೈಯಲ್ಲಿತ್ತು. ಹೆಂಗಸು ಗಂಟೆ ಹಿಡಿದು ಭಿಕ್ಷೆಗೆ ಹೊರಡುವುದು ನಮ್ಮ ಸೀಮೆಯಲ್ಲಿ ಎಲ್ಲೂ ಇಲ್ಲ, ಆದರೆ ಆಕೆಯ ಮನೆಯಲ್ಲಿ ಗಂಡಸು ಯಾರೂ ಉಳಿದಿರಲಿಲ್ಲ. ರಜಾಕಾರರ ಗದ್ದಲದಲ್ಲಿ ಊರಿಗೆ ಊರೇ ಸೊಲ್ಲಾಪುರದ ಕಡೆ ಓಡಿದಾಗ, ದಾರಿಯಲ್ಲಿ ತಪ್ಪಿದ ಗಂಡ ಈಶ್ವರಯ್ಯ ಮತ್ತೆ ಸಿಗಲಿಲ್ಲ. ಪೊಲೀಸ್ ಆಕ್ಷನ್ ಆದಮೇಲೆ ಗುರಮ್ಮ ಗಂಟೆಯನ್ನು ಉಡಿಯಲ್ಲಿ ಕಟ್ಟಿಕೊಂಡು ಒಬ್ಬಳೇ ತಿರುಗಿ ಬಂದಳು. ಮನೆ ಸುಟ್ಟಿತ್ತು. ಹೋಗಲು ಬೇರೆ ಜಾಗವಿಲ್ಲದೆ ಮಡುವಿಗೆ ಹೋಗಿ ಗಂಟೆ ಬಾರಿಸಿದಳು. ಮೀನುಗಳು ಬಂದವು. ಎಲ್ಲಕ್ಕೂ ಮುಂದೆ ಬಂದದ್ದು ಆಕೆ ‘ಹಿರಿಯಾಕಿ’ ಎಂದು ಕರೆಯುತ್ತಿದ್ದ ದೊಡ್ಡ ಹೆಣ್ಣು ಮೀನು. "ಊರಾಗ ಮೊದಲ ನನ್ನ ಗುರ್ತ ಹಿಡದಾಕಿ ಆಕೀನೇ" ಎಂದು ಗುರಮ್ಮ ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅದಾಗಿ ಐದಾರು ಬೇಸಿಗೆ ಕಳೆದಿದ್ದವು. ಒಂದು ದಿನ ಕಾಸಾರಶಿರಸಿಯ ಬಸ್ಸಿಳಿದು, ಚಕ್ಕಡಿ ಹಿಡಿದು, ರೇವಣಸಿದ್ಧ ಎಂಬ ತರುಣ ಬಂದ. ಕಲಬುರ್ಗಿಯವನು, ಮೀನಿನ ಇಲಾಖೆಯ ನೌಕರ. ಶೋಕಿಗೆ ಗಾಳ ಹಾಕುವ ದೊಡ್ಡ ಮಂದಿಗೆ ಯಾವ ಹೊಳೆಯಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಮೀನು ಹಿಡಿಯಲು ಬಿಟ್ಟರೆ ಮೀನಿನ ಸಂತಾನ ಉಳಿದೀತು ಎಂದು ಶೋಧ ಮಾಡುವುದು ಅವನ ಕೆಲಸ. ಕೆಲಸ ಕಲಿತದ್ದು ಕೊಂಕಣದ ಸಮುದ್ರದ ದಂಡೆಯಲ್ಲಂತೆ.

"ಸಮುದ್ರದ ಮೀನಾ ಸುದ್ದಾ ತೀರ್ತಾವ ಅಂತ ಅಲ್ಲಿ ಕಣ್ಣಾರೆ ನೋಡೀನ್ರಿ" ಎಂದ ಅವನು. "ಇದು ಬರೇ ಹೊಳಿ. ಬ್ಯಾಸಗ್ಯಾಗ ಮಡುನೇ ಗತಿ."

ಮೀನು ನೋಡಲು ಅವನು ಬಲೆ ಬಿಚ್ಚತೊಡಗಿದ. ನಮ್ಮ ಪೊಲೀಸ್ ಪಾಟೀಲ ಮನ್ಮಥಪ್ಪನಿಗೆ ನಗು ತಡೆಯಲಾಗಲಿಲ್ಲ. "ಬಲಿ ಯಾಕ್ರೀ? ನಮ್ಮ ಮೀನಾ ಕರದ್ರ ಬರ್ತಾವ" ಎಂದು ಗುರಮ್ಮನನ್ನು ಕರೆಸಿದ. ಆಕೆ ಗಂಟೆ ಬಾರಿಸಿದಳು. ರೇವಣಸಿದ್ಧ ಮೊಣಕಾಲು ನೀರಿನಲ್ಲಿ ಬಾಯಿ ಬಿಟ್ಟು ನಿಂತ. ಕೈಯಿಂದಲೇ ಒಂದೊಂದನ್ನು ಹಿಡಿದು ರೆಕ್ಕೆಯ ಅಂಚಿಗೆ ಸಣ್ಣ ಗುರುತು ಮಾಡಿ ಬಿಟ್ಟ.

"ಅಮ್ಮಾರ, ಇವೆಲ್ಲಾ ತತ್ತಿ ಹೊತ್ತ ತಾಯಂದ್ರು" ಎಂದ ಗುರಮ್ಮನಿಗೆ. "ಮಳಿಗಾಲ ಹತ್ತಿ ಮಿರಗದ ಮಳಿ ಬಿದ್ದು ಹೊಳಿ ಬಂತಂದ್ರ ಮ್ಯಾಲ ಹತ್ತಿ ತತ್ತಿ ಇಡ್ತಾವ. ಅಲ್ಲೀ ತನಕ ಇವು ಉಳೀಬೇಕು. ಮಡು ಖಾಲಿ ಆತಂದ್ರ ಸಂಗಮದ ತನಕ ಹೊಳಿ ಬಂಜಿ."

ಅವನು ನಿಲಂಗಾದ ಕಡೆಗೆ ಹೋದ. ಕರೆದರೆ ಬರುವ ಮೀನಿನ ಸುದ್ದಿ ಅವನಿಗಿಂತ ಬೇಗ ಓಡಾಡಿತು. ಅದನ್ನು ಸಂತೆಸಂತೆಯಲ್ಲಿ ಹೊಗಳಿಕೊಂಡವರು ನಾವೇ. ಬಾಯಿಗೆ ಬೀಗ ಎಲ್ಲಿದೆ!

ಮುಂದಿನ ರವಿವಾರ ಜೀಪು ಬಂತು. ಪಟ್ಟಣದ ಇಬ್ಬರು ಸಾಹೇಬರು, ಟೋಪಿ, ಉದ್ದನೆಯ ಗಾಳದ ಕೋಲುಗಳು, ಜೊತೆಗೆ ಮಾತಾಡಲು ಒಬ್ಬ ಗುಮಾಸ್ತ. ಮನ್ಮಥಪ್ಪ ದಾರಿಗೆ ಅಡ್ಡ ನಿಂತು, "ಮೀನಾ ಹಿಡದು ಏನ್ ಮಾಡೋರದಾರ್ರೀ ಸಾಹೇಬ್ರು?" ಎಂದು ಕೇಳಿದ.

"ಏನ್ ಮಾಡೋದು ಪಾಟೀಲ್ರ? ಶೋಕಿ ಅವರದು. ಹಿಡದು ಬಿಡ್ತಾರ" ಎಂದ ಗುಮಾಸ್ತ.

ಈ ಮಾತಿನಲ್ಲೇ ನಮ್ಮ ಊರು ಮುಳುಗಿದ್ದು. ಮಕ್ಕಳಿಲ್ಲದವರು ಮೀನು ಹಿಡಿಯುವ ಭೋಯಿಗಳಿಂದ ಜೀವಂತ ಮೀನು ತಂದು ಮಡುವಿಗೆ ಹಾಕುವ ಹರಕೆಗೆ ನಾವು ‘ಮೀನಾ ಬಿಡೋದು’ ಎನ್ನುತ್ತೇವೆ. ರೇವಣಸಿದ್ಧನೂ ನಮ್ಮ ಕಣ್ಣೆದುರೇ ಹಿಡಿದು ಬಿಟ್ಟಿದ್ದ. ಹಾಗಾಗಿ ಮನ್ಮಥಪ್ಪ, ಹಿಡಿಯುತ್ತಾರೆ, ಆಮೇಲೆ ಬಿಡುತ್ತಾರೆ ಎಂದು ತಿಳಿದು ಕೈ ಮುಗಿದ. ತಾನೇ ಹೋಗಿ ಗುರಮ್ಮನನ್ನು ಕರೆತಂದ. "ಬರ್ರಿ ಅಮ್ಮಾರ, ಬಿಡ್ತಾರಂತ" ಎಂದ.

ಗುರಮ್ಮನೇ ಗಂಟೆ ಬಾರಿಸಿದಳು. ಮೀನು ಬಂದವು. ಹಿರಿಯಾಕಿಯ ಬಾಯಿಗೆ ಮೊದಲ ಗಾಳ ಸಿಕ್ಕಿತು. ಅದು ಒದ್ದಾಡಿ, ತುಟಿ ಹರಿದುಕೊಂಡು ತಪ್ಪಿಸಿಕೊಂಡಿತು. "ಅಯ್ಯ, ತುಟಿ ಹರೀತಲ್ಲ! ಇರ್ಲಿ, ಹ್ಯಾಂಗೂ ಬಿಡೋರೇ ಇದ್ದಾರ" ಎಂದು ಗುರಮ್ಮ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಎರಡನೆಯ ಮೀನು ದಂಡೆಗೆ ಬಂತು. ಗುಮಾಸ್ತ ಅದನ್ನು ಉಸುಕಿನ ಮೇಲೆ ಅದುಮಿ ಹಿಡಿದು ತಲೆಯನ್ನು ಕಲ್ಲಿನಿಂದ ಜಜ್ಜಿದ.

ಗುರಮ್ಮ ಕಿರುಚಿದ್ದು ಮೇಲಿನ ಹೊಲಗಳಿಗೂ ಕೇಳಿಸಿತು. ಆಕೆ ಓಡಿಹೋಗಿ ಮೀನನ್ನು ಎತ್ತಿಕೊಂಡು ನೀರಿಗೆ ಬಿಟ್ಟಳು. ಅದು ಮಗ್ಗುಲಾಗಿ ತೇಲಿತು.

"ಬಿಡ್ತೀವಿ ಅಂದಿದ್ರಲ್ಲೋ!" ಎಂದು ಮನ್ಮಥಪ್ಪ ಗುಮಾಸ್ತನ ಅಂಗಿ ಹಿಡಿದ.

"ಹಿಡದು ಬಿಡ್ತಾರ ಅಂದಿದ್ದೆ. ಹಿಡದೇ ಬಿಟ್ಟಾರ ನೋಡ್ರಿ. ನಿಮಗ ಕನ್ನಡಾ ಬರ್ತದೋ ಇಲ್ಲೋ?" ಎಂದು ಗುಮಾಸ್ತ ಕೈ ಕೊಡವಿಕೊಂಡ. ಹೊಳೆ ಸರಕಾರದ್ದು, ಮಳೆಗಾಲದ ತನಕ ಪರವಾನಿಗೆ ಇದೆ ಎಂದು ಠಸ್ಸೆಯ ಕಾಗದ ತೋರಿಸಿದ. ಅಡ್ಡ ಬಂದರೆ ಪಾಟೀಲಕಿ ಹೋದೀತು ಎಂದೂ ಹೇಳಿದ. ನಮ್ಮ ಪೌರುಷ ಅಲ್ಲಿಗೆ ನಿಂತಿತು. ಸಂಜೆಯ ಹೊತ್ತಿಗೆ ಉಸುಕಿನ ಮೇಲೆ ಸಾಲಾಗಿ ಮಲಗಿಸಿದ ಮೀನುಗಳ ಹಿಂದೆ ನಿಂತು ಸಾಹೇಬರು ಫೋಟೋ ತೆಗೆಸಿಕೊಂಡರು.

ಗುರಮ್ಮ ಗಂಟೆಯನ್ನು ಜೋಳದ ಹಗೇವಿನಲ್ಲಿ ಬಚ್ಚಿಟ್ಟಳು. ಪ್ರಯೋಜನವಾಗಲಿಲ್ಲ. ಮರು ರವಿವಾರ ಸಾಹೇಬರು ಉದಗೀರದ ಪೇಟೆಯಿಂದ ಹಿತ್ತಾಳೆಯ ಗಂಟೆ ತಂದಿದ್ದರು. ಮೀನಿಗೇನು ಗೊತ್ತು, ಗಂಟೆ ಎಂದರೆ ಗಂಟೆ. ಬಂದವು, ಸತ್ತವು.

ರೇವಣಸಿದ್ಧನಿಗೆ ಹೇಳಿಕಳಿಸಿದಾಗ ಅವನು ಓಡಿಬಂದ. ಒಣಗಿದ ರಕ್ತ ಅಂಟಿದ ಉಸುಕಿನ ಮೇಲೆ ತಲೆ ಹಿಡಿದು ಕುಕ್ಕರಿಸಿದ.

"ಬಂದ್ ಮಾಡ್ರಿ ಅಂತ ಮ್ಯಾಲಿನವರಿಗಿ ಬರದೀನ್ರಿ ಅಮ್ಮಾರ. ಹುಕುಂ ಬರೂದ್ರಾಗ ಮಿರಗ ದಾಟ್ತದ." ಅದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಕೆಲಸ ಎಂದು ಅವನಿಗೂ ಗೊತ್ತಿತ್ತು. "ಬ್ಯಾರೆ ಕಡಿ ಮೀನಾ ಗಾಳಕ್ಕ ಅಂಜಿ ತಳಾ ಸೇರ್ತಾವ, ಶೋಕಿಯವ್ರಿಗಿ ಒಂದೋ ಎರಡೋ ಸಿಗ್ತಾವ. ನನ್ನ ಲೆಕ್ಕ ಎಲ್ಲಾ ಅಂಜೋ ಮೀನಿಂದು. ಅಂಜಲಾರದ ಮೀನಿನ ಲೆಕ್ಕ ನನಗ ಯಾರೂ ಕಲಿಸಿಲ್ರೀ."

ಗುರಮ್ಮ ಮಡುವಿನ ಕಡೆ ತಿರುಗಿದಳು. "ಹಂಗಾರ ಅಂಜಿಕಿ ಕಲಸ್ಬೇಕು, ತಮ್ಮಾ" ಎಂದಳು.

ಮರುದಿನ ಬೆಳಿಗ್ಗೆ ಆಕೆ ಹಗೇವಿನಿಂದ ಗಂಟೆ ತೆಗೆದಳು. ಜೋಳಿಗೆಯಲ್ಲಿ ಜೋಳದ ಬದಲು ಕಲ್ಲು ತುಂಬಿಕೊಂಡಳು. ಗಂಟೆ ಬಾರಿಸಿದಳು, ಮೀನು ಬಂದವು, ಕಲ್ಲು ಎಸೆದಳು. ಮೀನುಗಳು ಕಲ್ಲನ್ನು ಬಾಯಿಗೆ ಹಾಕಿಕೊಂಡು, ಜೋಳವಲ್ಲವೆಂದು ಉಗುಳಿ, ಮತ್ತೆ ಬಾಯಿ ತೆರೆದು ಕಾದವು. ಗುರಮ್ಮ ಅಲ್ಲೇ ಕುಸಿದು, ಹಣೆ ಬಡಿದುಕೊಂಡು ಅತ್ತಳು.

ಪಾಪಪ್ರಜ್ಞೆಯಿಂದ ಬೆಂದಿದ್ದ ಮನ್ಮಥಪ್ಪ, "ನೀವು ಬ್ಯಾಡ್ರಿ, ಈ ಪಾಪ ನನಗಿರ್ಲಿ" ಎಂದು ಬಡಿಗೆ ಹಿಡಿದು ನೀರಿಗಿಳಿದ. ಅವನ ಕಾಲ ಸಪ್ಪಳಕ್ಕೇ ಮೀನು ದೂರ ಸರಿದವು. ಅವನು ಹತ್ತಿದ ಮೇಲೆ ಗುರಮ್ಮನ ಗಂಟೆಗೆ ಮತ್ತೆ ಬಂದವು. ಅವನಿಗೆ ಅಂಜಿ ಏನು ಬಂತು? ಅಂಜಬೇಕಾದದ್ದು ಗಂಟೆಗೆ, ಗಂಟೆ ಹಿಡಿದ ಕೈಗೆ. ಆ ಕೈಯೇ ಹೊಡೆಯಬೇಕಿತ್ತು.

ಹೊಡೆದಳು. ದಿನಾ ಒಂದು ಕೈಯಲ್ಲಿ ಗಂಟೆ, ಒಂದು ಕೈಯಲ್ಲಿ ಬಡಿಗೆ. ಅಂಜದಿದ್ದರೆ ಸಾಯುತ್ತೀರಿ ಎಂದು ಬೈಯುತ್ತ, ಅಳುತ್ತ ಹೊಡೆದಳು. ಊರ ಹೆಂಗಸರು ಆಕೆಗೆ ಹುಚ್ಚು ಹಿಡಿಯಿತೆಂದರು. ಅಂತೂ ಶನಿವಾರ ಗಂಟೆ ಬಾರಿಸಿದಾಗ ನೀರು ಅಲುಗಲಿಲ್ಲ. ಬಂದದ್ದು ಒಂದೇ, ಹರಿದ ತುಟಿಯ ಹಿರಿಯಾಕಿ. ಗುರಮ್ಮನ ಪಾದದ ಹತ್ತಿರ ಬಂದು ನಿಂತಿತು. ಗುರಮ್ಮ ಎತ್ತಿದ ಬಡಿಗೆಯನ್ನು ಇಳಿಸಿ ಮನೆಗೆ ಹೋದಳು. ಅದೊಂದಕ್ಕೆ ಹೊಡೆಯಲು ಆಕೆಯಿಂದ ಆಗಲಿಲ್ಲ.

ರವಿವಾರ ಜೀಪು ಬಂತು. ಗುಮಾಸ್ತ ಗಂಟೆ ಬಾರಿಸಿದ. ಮಡು ಸುಮ್ಮನಿತ್ತು. ಮತ್ತೆ ಬಾರಿಸಿದ, ಇನ್ನೂ ಜೋರಾಗಿ ಬಾರಿಸಿದ. ಸಾಹೇಬರ ಮುಖ ಗಂಟಾಯಿತು. ಆಚೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಮೊಣಕಾಲು ನೀರಿನಲ್ಲಿ ಬಡಿಗೆ ಹಿಡಿದು ನಿಂತಿದ್ದ ಗುರಮ್ಮನ ತುಟಿಗಳು ಅಲುಗುತ್ತಿದ್ದವು, ಮಂತ್ರವೋ ಏನೋ. ದಂಡೆಯ ಮೇಲೆ ನಾವೆಲ್ಲ ಸೇರಿದ್ದೆವು.

ಆಗ ಹಿರಿಯಾಕಿ ಬಂತು. ಗಂಟೆಯ ಕಡೆಗಲ್ಲ, ನೆಟ್ಟಗೆ ಗುರಮ್ಮನ ಕಾಲ ಬಳಿ ಬಂದು, ಹರಿದ ಬಾಯಿ ತೆರೆಯಿತು.

"ವಹಾಂ ಹೈ ಸಾಬ್!" ಎಂದು ಗುಮಾಸ್ತ ಕೂಗಿದ. ಸಾಹೇಬ ಕೋಲು ತಿರುಗಿಸಿದ.

"ಹೋಗವ್ವಾ" ಎಂದಳು ಗುರಮ್ಮ. "ಹೋಗ, ಬಿಟ್ಟೀನಿ ನಿನ್ನ. ಹೋಗ!" ಅದು ಹೋಗಲಿಲ್ಲ. ಗಾಳ ಹತ್ತಿರವೇ ಬಂದು ಬಿತ್ತು. ಗುರಮ್ಮ ಕಣ್ಣು ಮುಚ್ಚಿ, ಎರಡೂ ಕೈಯಿಂದ ಬಡಿಗೆ ಎತ್ತಿ ಅದರ ತಲೆಗೆ ಹೊಡೆದಳು.

ನೀರು ಕೆಂಪಾಯಿತು. ಹಿರಿಯಾಕಿ ಒಂದು ಸುತ್ತು ತಿರುಗಿ, ಓರೆಯಾಗಿ ತಳಕ್ಕೆ ಇಳಿಯಿತು. ಮತ್ತೆ ಮೇಲೆ ಕಾಣಲಿಲ್ಲ. ಪಾಗಲ್ ಔರತ್ ಎಂದು ಬೈದುಕೊಂಡು ಸಾಹೇಬರು ಮಧ್ಯಾಹ್ನವೇ ಹೊರಟುಹೋದರು. ಕರೆದರೆ ಬಾರದ ಮೀನಿನ ಮೇಲೆ ಅವರಿಗೆ ಶೋಕಿ ಉಳಿಯಲಿಲ್ಲ. ಆಮೇಲೆ ಮಿರಗ ಸುರಿಯಿತು, ಹೊಳೆ ಬಂತು.

ಮುಂದಿನ ಬೇಸಿಗೆಗೆ ರೇವಣಸಿದ್ಧ ನಗುನಗುತ್ತ ಬಂದ. ಮಡುವಿನಲ್ಲಿ ಗಾಳ ಹಾಕಬಾರದೆಂದು ಹುಕುಂ ಆಗಿತ್ತು. ಸಂಗಮದ ತನಕ ಹೊಳೆಯ ತುಂಬ ಮರಿಗಳು ಕಂಡಿದ್ದವು. "ನೀವು ಹೊಳಿ ಉಳಿಸಿದ್ರಿ ಅಮ್ಮಾರ" ಎಂದು ಗುರಮ್ಮನ ಕಾಲಿಗೆ ನಮಸ್ಕರಿಸಿದ. "ಒಮ್ಮಿ ಗಂಟಿ ಬಾರಸ್ರಿ. ನನ್ನ ಗುರ್ತಿನ ಮೀನಾ ಯಾವ್ಯಾವು ಉಳದಾವ ನೋಡ್ತೀನಿ. ಹಿರಿಯಾಕಿ ಅದನೋ ಇಲ್ಲೋ ತಿಳೀತದ."

ಗುರಮ್ಮ ಗಂಟೆಯನ್ನು ಅವನ ಮುಂದೆ ಹಿಡಿದಳು. ಒಳಗಿನ ನಾಲಿಗೆಗೆ ಅರಿವೆ ಸುತ್ತಿ ಬಿಗಿಯಾಗಿ ಕಟ್ಟಿದ್ದಳು.

"ಬಾರಸಂಗಿಲ್ಲ ತಮ್ಮಾ" ಎಂದಳು. "ಬಂದಳಂದ್ರ, ಇನ್ನಾ ಅಂಜಿಕಿ ಬಂದಿಲ್ಲಂತ ಮತ್ತ ಹೊಡೀಬೇಕು. ಬರ್ಲಿಲ್ಲಂದ್ರ, ನಾನೇ ಕೊಂದೀನಂತ ತಿಳಕೋಬೇಕು."

ಗುರಮ್ಮ ಈಗಲೂ ಭಿಕ್ಷೆಗೆ ಬರುತ್ತಾಳೆ. ಗಂಟೆ ಬಾರಿಸುವುದಿಲ್ಲ, ಬಾಗಿಲಲ್ಲಿ ನಿಂತು ಕೆಮ್ಮುತ್ತಾಳೆ. ನಮ್ಮ ಹೆಂಗಸರು ರೂಢಿ ತಪ್ಪದೆ ಮೇಲೊಂದು ಹಿಡಿ ಹೆಚ್ಚಿಗೆ ಹಾಕುತ್ತಾರೆ. ಆಕೆ ಆ ಒಂದು ಹಿಡಿಯನ್ನು ತೆಗೆದು, ತಿರುಗಿ ಅವರ ಮೊರಕ್ಕೆ ಹಾಕಿ ಮುಂದಿನ ಮನೆಗೆ ಹೋಗುತ್ತಾಳೆ.