ಇನ್ನೊಂದು ಸುತ್ತು

"ಕೊನೆಗೆ ಆ ಕಥೇಲಿ ಅವಳು ಯಾರನ್ನ ಮದುವೆ ಮಾಡ್ಕೊಂಡ್ಲು? ಅಷ್ಟು ಬಾಯಿಬಿಡೇ," ಎಂದು ಬಾಗಿಲ ಪಕ್ಕದ ಕುರ್ಚಿಯಿಂದ ಸೋದರತ್ತೆ ಮತ್ತೆ ಕೇಳಿದರು. ಕಣ್ಣು ಮಂಜಾದ ಮೇಲೆ ಅವರಿಗೆ ಕಥೆಯೆಂದರೆ ಅಣ್ಣನ ಮಗಳು ಹೇಳಿದ್ದೇ.

"ನಾನೂ ಓದಿಲ್ಲ ಅತ್ತೆ."

ನಿಜವೇ. ಬೈಂಡಿಂಗಿಗೆ ಬಂದ ಕಾದಂಬರಿಗಳನ್ನು ಹೊಲಿಯುತ್ತಲೇ ಓದಿ ಮುಗಿಸುವುದು ಅಪ್ಪನಿಂದ ಬಂದ ಚಟ, ಅಂಗಡಿಯ ಜೊತೆಗೇ ಬಂದದ್ದು. ಈ ಹಳೆಯ ಪುಸ್ತಕದಲ್ಲಿ ದೋಣಿಗಳ ಒಡತಿಯೊಬ್ಬಳು ಮದುವೆ ಕೇಳಿ ಬಂದ ಇಬ್ಬರನ್ನು ಬೇಡವೆಂದು ಕಳಿಸಿ ಮೂರನೆಯವನ ಎದುರು ನಿಂತಿದ್ದಳು. ಅಲ್ಲಿಂದಾಚೆಯ ಹಾಳೆಗಳನ್ನು ಇವಳು ಕಣ್ಣು ತಪ್ಪಿಸಿಯೇ ಹೊಲಿದಳು. ತನ್ನ ಮದುವೆಯ ತೀರ್ಮಾನವೂ ಇವತ್ತೇ ಆಗಬೇಕಿತ್ತು. ಇನ್ನೊಬ್ಬಳ ಮಾತು ಕೇಳಿ ಮನಸ್ಸು ವಾಲುವುದು ಬೇಡವಾಗಿತ್ತು.

ಹಾಗೆಂದು ಮನಸ್ಸೇನೂ ನೆಟ್ಟಗೆ ನಿಂತಿರಲಿಲ್ಲ. ಬೆಳಗಿನಿಂದ ಕತ್ತರಿ ಇಟ್ಟ ಜಾಗ ಮರೆಯುತ್ತಿತ್ತು, ಒಂದು ರಟ್ಟು ಅಡ್ಡಾದಿಡ್ಡಿ ಕತ್ತರಿಸಿ ದಂಡವಾಗಿತ್ತು. ಕಾಗದದ ವ್ಯಾಪಾರಿ ಸಂಜೆ ಉತ್ತರ ಕೇಳಲು ಬರುವವನಿದ್ದ. ಒಳ್ಳೆಯವನು, ನಗಿಸುವವನು. ಮದುವೆಯಾದ ಮೇಲೂ ಅಂಗಡಿಯಲ್ಲಿ ನಿಮ್ಮ ಮಾತೇ ನಡೆಯಲಿ ಎಂದಿದ್ದ. ಅದು ನಿಜವಾಗಲಿ ಎಂದು ಅವಳಿಗೆ ತುಂಬ ಆಸೆಯಿತ್ತು.

"ಇಂಥವನು ಕೈತಪ್ಪಿದ್ರೆ ಆಮೇಲೆ ಕೈಕೈ ಹಿಸುಕಿಕೋತೀಯ," ಎಂದರು ಅತ್ತೆ. "ಆರಿಸ್ತಾ ನಿಲ್ಲೋಕೆ ಇದೇನು ತರಕಾರಿ ಅಂಗಡಿನಾ?"

ಅವನು ಬಂದಾಗ ಅವಳ ಎರಡೂ ಕೈಗೆ ಅಂಟು ಮೆತ್ತಿತ್ತು. ರಟ್ಟು ಅಂಟಿಸಿದ ಪುಸ್ತಕವನ್ನು ಆಗಲೇ ಒತ್ತುವ ತಿರುಪು ಪ್ರೆಸ್ಸಿನಡಿ ಇಟ್ಟಿದ್ದಳು.

"ಪ್ರೆಸ್ಸಿನ ಹಿಡಿ ಸ್ವಲ್ಪ ತಿರುಗಿಸ್ತೀರಾ? ಮೆಲ್ಲಗೆ."

"ಅಪ್ಪಣೆ," ಎಂದು ಅವನು ಅಂಗಿಯ ತೋಳು ಮಡಚಿದ. ಅತ್ತೆ ನಕ್ಕರು, ಅವಳೂ ನಕ್ಕಳು. ತಿರುಪು ಇಳಿಯಿತು.

"ಸಾಕು."

"ಇನ್ನೊಂದು ಸುತ್ತು. ಗಟ್ಟಿಯಾಗಿ ಕೂರಲಿ."

"ಸಾಕು ಅಂದೆ."

"ನಾನಿದ್ದೀನಲ್ಲ, ನೀನು ಬಿಡು," ಎಂದು ನಗುತ್ತಲೇ ತಿರುಗಿಸಿದ. ಅಂಚಿನಿಂದ ಅಂಟು ಒಸರಿ, ಹಾಳೆಗಳ ನಡುವೆ ಒಳಕ್ಕೂ ಇಳಿಯಿತು.

ಅವಳು ಅವನ ಕೈಯನ್ನೇ ನೋಡುತ್ತಿದ್ದಳು. ಅದು ಇನ್ನೂ ಹಿಡಿಯ ಮೇಲೇ ಇತ್ತು. ಆ ನಗು ಅವಳಿಗೆ ಈಗಲೂ ಇಷ್ಟವಾಗಿತ್ತು, ಸಂಕಟವಾದದ್ದೇ ಅದಕ್ಕೆ.

"ನನಗೆ ಈ ಮದುವೆ ಬೇಡ," ಎಂದಳು. "ಮನೇಲಿ ಹಾಗೇ ಹೇಳ್ಬಿಡಿ."

"ಒಂದು ಪುಸ್ತಕಕ್ಕಾ?"

ಅವಳು ಚಿಂದಿಬಟ್ಟೆಯಿಂದ ಕೈಯ ಅಂಟು ಒರೆಸತೊಡಗಿದಳು. ಅವನು ಮಡಚಿದ ತೋಳನ್ನು ಬಿಡಿಸಿಕೊಳ್ಳುತ್ತ ಹೊರಟುಹೋದ.

ಅತ್ತೆ ಬೈಯುತ್ತಾರೆಂದು ಅವಳು ಬೆನ್ನು ತಿರುಗಿಸಿಕೊಂಡೇ ಪ್ರೆಸ್ಸು ಸಡಿಲಿಸಿದಳು. ಕೊನೆಯ ಪುಟ ರಟ್ಟಿಗೆ ಅಂಟಿಹೋಗಿತ್ತು. ತೆಳು ಚಾಕು ತೂರಿಸುತ್ತ, ಪುಟ ಎತ್ತಿ ಹಿಡಿಯಲು ಇನ್ನೊಂದು ಕೈ ಬೇಕಿತ್ತು ಎಂದು ಗೊಣಗಿದಳು. ಕುರ್ಚಿ ಎಳೆದ ಸದ್ದಾಯಿತು. ಅತ್ತೆ ತಡಕಾಡುತ್ತ ಬಂದು ಪಕ್ಕದಲ್ಲಿ ಕೂತರು.

"ಯಾವ ತುದಿ ಹಿಡೀಲಿ?"

ಅವಳು ಅವರ ಬೆರಳನ್ನು ಪುಟದ ಮೂಲೆಗೆ ತಂದಿಟ್ಟಳು. ಅತ್ತೆ ಒಂಚೂರು ಮೇಲಕ್ಕೆತ್ತಿದರು, ಇನ್ನೊಂಚೂರು ಎತ್ತಿದರು.

"ಸಾಕು ಅತ್ತೆ."

ಅತ್ತೆಯ ಕೈ ಅಲ್ಲೇ ನಿಂತಿತು.