ಅಪ್ಪನಿಗೆ ಸದ್ದು ಬರುತ್ತಿಲ್ಲ

ಟುಂಪಾಕ್ ಗುದ್ದಿದ ರಭಸಕ್ಕೆ ಅಣ್ಣ ಮಂಗಾಸಿಯ ಹಲ್ಲೊಂದು ಹಾರಿ ಟೀವಿಯ ಗಾಜಿಗೆ ಬಡಿಯಿತು. ಗಾಜಿನ ಹಿಂದೆ ಸತ್ತ ಅಪ್ಪ ಮಾತಾಡುತ್ತಲೇ ಇದ್ದ. ತುಟಿ ಆಡುತ್ತಿತ್ತು, ಮಾತಿಲ್ಲ. ಸದ್ದನ್ನು ಕೊನೆಯವರೆಗೆ ಏರಿಸಿದರೂ ಕೇಳುತ್ತಿದ್ದದ್ದು ಚರ್ಚಿನ ಆರ್ಗನ್ ಮಾತ್ರ. ಚಿತ್ರವೂ ನೆಟ್ಟಗಿರಲಿಲ್ಲ. ಬೂದಿ ಬಣ್ಣದ ಅಪ್ಪ ಕೆಳಗಿನಿಂದ ಮೇಲಕ್ಕೆ ಉರುಳಿಕೊಂಡು ಹೋಗುತ್ತಿದ್ದ.

"ಅಪ್ಪನ ಮಾತು ಅಳಿಸಿಬಿಟ್ಟಿದಾನೆ ಕಳ್ಳ," ಅಂದ ಟುಂಪಾಕ್. "ಮೂರು ವಾರ ಡಿಸ್ಕು ಇವನ ಪೆಟ್ಟಿಗೇಲೇ ಇತ್ತಲ್ಲ."

ಲಾಮ್ರಿಯಾ ನಡುವೆ ನುಗ್ಗಿದಳು. ತಮ್ಮನ ಮೊಣಕೈ ಅವಳ ಕೆನ್ನೆಗೆ ತಾಗಿ ಕಣ್ಣು ಕತ್ತಲಿಟ್ಟಿತು. ಆದರೂ ಅವನ ಅಂಗಿ ಬಿಡಲಿಲ್ಲ.

ಅಣ್ಣ ತಮ್ಮನ ನಡುವೆ ಹುಟ್ಟಿದವಳು ಅವಳು. ಬಾಲಿಗೆ ಪೇಟೆಯ ಮಾರುಕಟ್ಟೆಯ ಹಿಂದೆ ಟೀವಿ, ಡಿವಿಡಿ ರಿಪೇರಿ ಅಂಗಡಿ ಇಟ್ಟುಕೊಂಡು ಬದುಕುತ್ತಿದ್ದಳು. ಅವರ ಜನ ಬಾಟಕರಲ್ಲಿ ಹೆಣ್ಣುಮಕ್ಕಳಿಗೆ ಗದ್ದೆಯಲ್ಲಿ ಪಾಲಿಲ್ಲ. ಪಾಲಿಲ್ಲದವಳು ಸುಳ್ಳು ಹೇಳುವುದಿಲ್ಲವೆಂದು ಜಗಳ ಬಂದಾಗ ಮಾತ್ರ ಎಲ್ಲರಿಗೂ ಅವಳ ನೆನಪು. ಈಗ ಜಗಳವಿದ್ದದ್ದು ಸರೋವರದಂಚಿನ ಗದ್ದೆಯದು. ಅಪ್ಪನ ಮನೆ ವಾಡಿಕೆಯಂತೆ ಕಿರಿಮಗ ಟುಂಪಾಕನಿಗೆ ಬಂದಿತ್ತು. ಗದ್ದೆ ಯಾರಿಗೆಂದು ಅಪ್ಪ ಕ್ಯಾಮೆರಾದ ಮುಂದೆ ಕೂತು ಹೇಳಿದ್ದ. ತನ್ನನ್ನು ಮಣ್ಣು ಮಾಡಿ ಬಂದ ಮೇಲೆ, ನೆಂಟರೆಲ್ಲ ಹೋದ ಮೇಲೆ, ಮೂವರೂ ಒಟ್ಟಿಗೆ ಕೂತು ನೋಡಬೇಕೆಂದು ಕಟ್ಟಪ್ಪಣೆ ಮಾಡಿದ್ದ. ಕೂತು ಇನ್ನೂ ಕಾಲು ಗಂಟೆ ಆಗಿರಲಿಲ್ಲ.

"ಸದ್ದು ನಾನು ತರ್ತೀನಿ," ಅಂದಳು ಲಾಮ್ರಿಯಾ. "ಅಲ್ಲೀವರೆಗೂ ಇಬ್ರೂ ಕೈ ಕಟ್ಕೊಂಡು ಕೂತ್ಕೊಳ್ಳಿ."

ಟುಂಪಾಕ್ ಕೂರಲಿಲ್ಲ. ಅಡುಗೆಮನೆಗೆ ಹೋಗಿ ಹಂದಿ ಕಡಿಯುವ ಮಚ್ಚು ತಂದು ಬಾಗಿಲಿಗೆ ಅಡ್ಡ ನಿಂತ. "ತಾ, ನೋಡೋಣ. ಬರದೇ ಹೋದ್ರೆ ಇವತ್ತು ಇವನ ಕತೆ ಮುಗೀತು."

"ಹುಚ್ಚಾ," ಅಂದ ಮಂಗಾಸಿ, ಅಂಗಿಯ ತೋಳಿಗೆ ರಕ್ತ ಒರೆಸಿಕೊಂಡು. "ಅಪ್ಪನ ಬಾಯಿಂದಲೇ ಕೇಳ್ಕೊ. ನಾನು ಹೇಳಿದ್ರೆ ನೀನು ನಂಬಲ್ಲ."

"ಬಾಯಿ ಮುಚ್ಚಿಸಿದವನೇ ಹೀಗೆ ಹೇಳೋದು."

ಲಾಮ್ರಿಯಾ ಡಿಸ್ಕನ್ನು ಹೊರತೆಗೆದು ಬೆಳಕಿಗೆ ಹಿಡಿದಳು. ಗೀರಿರಲಿಲ್ಲ. ಲಂಗದ ಬಟ್ಟೆಯಲ್ಲಿ ಅದನ್ನು ನಡುವಿನಿಂದ ಅಂಚಿಗೆ ಒರೆಸಿ ಮತ್ತೆ ಹಾಕಿದಳು. ಅದೇ ಬೂದಿ ಬಣ್ಣ, ಅದೇ ಉರುಳಾಟ. ನೆಂಟರ ಮಕ್ಕಳು ರಿಮೋಟು ಒತ್ತಾಡಿ ಪ್ಲೇಯರಿನ ಚಿತ್ರದ ಬಗೆಯನ್ನೇ ಬದಲಿಸಿದ್ದರು. ಹಳೆಯ ಟೀವಿಗೆ ಅದು ಒಗ್ಗುತ್ತಿರಲಿಲ್ಲ. ಅವಳು ಸೆಟ್ಟಿಂಗಿಗೆ ಹೋದಳು. ಉರುಳುವ ಅಕ್ಷರ ಓದುವುದು ಕಷ್ಟವಾಗಿ ಎರಡು ಸಲ ತಪ್ಪಿದಳು.

ಮೊದಲು ಚಿತ್ರ, ಆಮೇಲೆ ಸದ್ದು. ಹನ್ನೊಂದು ವರ್ಷದಿಂದ ಅವಳ ಕೆಲಸದ ರೀತಿ ಅದೇ. ಆದರೆ ಇವತ್ತು ರೀತಿ ಒಂದು ನೆಪ ಅಷ್ಟೆ. ಅವಳಿಗೆ ಅಪ್ಪನ ಮುಖ ನೋಡಬೇಕಿತ್ತು. ಕೊನೆಯ ತಿಂಗಳು ಅಂಗಡಿ ಬಿಟ್ಟು ಬರಲಾಗಿರಲಿಲ್ಲ. ಬಂದಾಗ ಶವಪೆಟ್ಟಿಗೆಗೆ ಮುಚ್ಚಳ ಹಾಕಿಯಾಗಿತ್ತು.

ಮೂರನೆಯ ಸಲಕ್ಕೆ ಚಿತ್ರ ನಿಂತಿತು, ಬಣ್ಣ ತುಂಬಿತು. ಅಪ್ಪನ ಹೆಗಲ ಮೇಲಿನ ಉಲೋಸ್ ಶಾಲಿನ ಕೆಂಪು ಅಂಚು, ಗಲ್ಲದ ಬಿಳಿ ಕುರುಚಲು, ಒಂದಿಷ್ಟು ಬಾಡಿದ ಕಣ್ಣು. ಲಾಮ್ರಿಯಾ ಕೈಯಲ್ಲಿದ್ದ ರಿಮೋಟು ಮರೆತು ನೋಡುತ್ತ ಕೂತಳು. ಎಷ್ಟು ಹೊತ್ತೋ, ಒಂದು ನಿಮಿಷವಿರಬಹುದು. ಆ ಒಂದು ನಿಮಿಷಕ್ಕಾಗಿ ಅವಳು ತನ್ನನ್ನು ಎಂದೂ ಕ್ಷಮಿಸಿಕೊಳ್ಳಲಿಲ್ಲ.

"ಮುಖ ಬಂತು, ಮಾತೆಲ್ಲಿ?" ಟುಂಪಾಕ್ ಅರಚಿದ. "ನೀನೂ ಇವನ ಕಡೇನೇ ಏನಕ್ಕಾ?"

"ಅವಳ ಮೇಲೆ ಯಾಕೋ ಹಾರಾಡ್ತೀಯ?" ಮಂಗಾಸಿ ಎದ್ದ. "ಕೊಡು ಆ ಮಚ್ಚು."

ಅವನು ಕೈ ಚಾಚಿದ. ಟುಂಪಾಕ್ ಬೀಸಿದ. ಎರಡು ಬೆರಳು ಚಾಪೆಯ ಮೇಲೆ ಬಿದ್ದವು. ಮಂಗಾಸಿ ಬೆರಳು ಹೋದ ಕೈಯನ್ನೇ ಮುಂದಿಟ್ಟು ತಮ್ಮನ ಮೇಲೆ ಬಿದ್ದ. ಇಬ್ಬರೂ ಗೋಡೆಗೆ ಅಪ್ಪಳಿಸಿದರು. ಏಸುವಿನ ಪಟ ಕೆಳಗುದುರಿ ಚೂರಾಯಿತು. ಗಾಜಿನ ಮೇಲೆ ಹೊರಳಾಡುತ್ತ ಒಬ್ಬರ ಗಂಟಲಿಗೆ ಒಬ್ಬರು ಕೈ ಹಾಕಿದರು. ಮೇಲೆ ಆರ್ಗನ್ ಕಿವಿ ಹರಿಯುವಂತೆ ಮೊಳಗುತ್ತಿತ್ತು.

ಲಾಮ್ರಿಯಾ ಅವರತ್ತ ಓಡಲಿಲ್ಲ. ಇವರನ್ನು ನಿಲ್ಲಿಸಲು ಅಪ್ಪನ ದನಿಗೇ ಸಾಧ್ಯವೆಂದು ಟೀವಿಯ ಹಿಂದಕ್ಕೆ ತೆವಳಿದಳು. ಬಿಳಿ ವೈರು ಟೀವಿಯ ಒಂದೇ ಒಂದು ಸದ್ದಿನ ತೂತಿನಲ್ಲಿತ್ತು. ಕೆಂಪು ವೈರು ಧೂಳಿನಲ್ಲಿ ನೇತಾಡುತ್ತಿತ್ತು. ಹಾಡಿನ ಡಿಸ್ಕುಗಳಲ್ಲಿ ಸಂಗೀತ ಬಿಳಿ ವೈರಿನಲ್ಲಿ, ಹಾಡುವವನ ದನಿ ಕೆಂಪಿನಲ್ಲಿ. ದನಿಯ ವೈರು ಕಿತ್ತು ತಾವೇ ಹಾಡುವುದು ಊರಿಡೀ ಭಾನುವಾರದ ಚಟ. ಈ ಮನೆಯಲ್ಲಿ ಆ ಚಟ ಟುಂಪಾಕನದು. ಅಪ್ಪನ ಡಿಸ್ಕು ಮಾಡಿಕೊಟ್ಟ ಸಾಹಾಲಾ ಮದುವೆಯಿರಲಿ ಸಾವಿರಲಿ, ಎಲ್ಲವನ್ನೂ ಹಾಡಿನ ಡಿಸ್ಕಿನ ಹಾಗೆಯೇ ಮಾಡುವವನು. ಅವಳ ಅಂಗಡಿಗೆ ಬರುವ ದೂರುಗಳಲ್ಲಿ ಅರ್ಧ ಇದೇ. ಗಿರಾಕಿಗಳು ಬಾಯಿ ತೆರೆಯುವ ಮೊದಲೇ ಅವಳು ವೈರು ಬದಲಿಸಿ ಕಳಿಸುತ್ತಿದ್ದಳು.

ಬಿಳಿಯದನ್ನು ಕಿತ್ತು ಕೆಂಪನ್ನು ಚುಚ್ಚುವಾಗ ಅವಳ ಬೆನ್ನ ಹಿಂದೆ ಮಚ್ಚು ಇನ್ನೊಮ್ಮೆ ಬಿತ್ತು. ಒದ್ದೆ ಸದ್ದು. ಮರುಕ್ಷಣ ಆರ್ಗನ್ ನಿಂತು ಅಪ್ಪನ ದನಿ ಮನೆ ತುಂಬಿತು.

"...ಹಿರಿಮಗನ ಪಾಲು ಕಣೋ ಅದು, ಬಿಡ್ತೀಯಾ ಅಂದೆ. ಬಿಡ್ತೀನಿ ಅಂದ ಮಂಗಾಸಿ. ತಮ್ಮಂಗೆ ಮೂರು ಮಕ್ಕಳು, ಸರೋವರದ ಗದ್ದೆ ಅವನಿಗೇ ಇರಲಿ ಅಂದ. ನಾನು ಕೊಟ್ಟೆ ಅಂದ್ರೆ ಅವನು ಭಿಕ್ಷೆ ಅಂದ್ಕೋತಾನೆ, ನೀನೇ ಕೊಟ್ಟ ಹಾಗೆ ಹೇಳಪ್ಪಾ ಅಂದ. ನಾನು ಸುಳ್ಳು ಹೇಳಿ ಸಾಯೋನಲ್ಲ. ಕೊಟ್ಟವನು ಅವನೇ."

ಮಂಗಾಸಿ ಗೋಡೆಗೊರಗಿ ಕಾಲು ಚಾಚಿ ಕೂತಿದ್ದ. ಕತ್ತಿನ ಬದಿಯಿಂದ ರಕ್ತ ಬುಗುಬುಗು ಉಕ್ಕುತ್ತಿತ್ತು. ಲಾಮ್ರಿಯಾ ತನ್ನ ಹೆಗಲ ಶಾಲು ಮುದ್ದೆ ಮಾಡಿ ಎರಡೂ ಕೈಯಿಂದ ಒತ್ತಿದಳು. ಅಣ್ಣ ಅವಳನ್ನು ನೋಡಲಿಲ್ಲ. ಟೀವಿಯನ್ನು ನೋಡುತ್ತಿದ್ದ. ಕೇಳಿಸಿತೋ ಇಲ್ಲವೋ, ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಅಂಗೈ ಕೆಳಗಿನ ಮಿಡಿತ ನಿಂತಿತು.

"ಟುಂಪಾಕ್," ಅಂದ ಅಪ್ಪ. "ಎದ್ದು ಅಣ್ಣನ ಕೈ ಹಿಡ್ಕೊ. ನನ್ನೆದುರಿಗೆ ಹಿಡ್ಕೊ."

ಟುಂಪಾಕನ ಕೈಯಿಂದ ಮಚ್ಚು ಜಾರಿತು. ಮೊಣಕಾಲೂರಿ ಹತ್ತಿರ ಬಂದವನು ಒಂದು ಮಾರು ದೂರದಲ್ಲೇ ನಿಂತುಬಿಟ್ಟ. "ಅಕ್ಕಾ, ಅದನ್ನ ಆರಿಸು," ಅಂದ. "ಕಾಲಿಗೆ ಬೀಳ್ತೀನಿ, ಆರಿಸು."

ಲಾಮ್ರಿಯಾ ಆರಿಸಲಿಲ್ಲ. ಅಣ್ಣನ ಇಡಿಯಾಗಿ ಉಳಿದ ಕೈಯನ್ನು ಎತ್ತಿ ತಮ್ಮನತ್ತ ಚಾಚಿದಳು.

"ಹಿಡ್ಕೊ," ಅಂದಳು. "ಇನ್ನೂ ಬೆಚ್ಚಗಿದೆ."