ಅಕ್ಕನ ಹೊಲದ ಮುಯ್ಯಿ

ಕೊಯ್ಲು ಮುಗಿಯುತ್ತ ಬಂದಿತ್ತು. ಬಿಸಿಲು ಏರುವ ಮೊದಲೇ ಊರಿನವರು ಗೋಧಿಯ ಕಟ್ಟುಗಳನ್ನು ಗಾಡಿಗೆ ಹೇರುತ್ತಿದ್ದರು. ರೇಡಿಯೋ ರಿಪೇರಿಯವನು ಮಾತ್ರ ತನ್ನ ಅಂಗಡಿಯ ಮುಂದೆ ಏಣಿ ಹತ್ತಿ, ತನ್ನ ಸಿನಿಮಾ ಕಂಪನಿಯ ಬೋರ್ಡಿನ ಮೊಳೆ ಕೀಳುತ್ತಿದ್ದ. ಆರು ವರ್ಷದ ಹಿಂದೆ ತಾನೇ ಹೊಡೆದ ಮೊಳೆಗಳು. ನಾಲ್ಕು ಸಾಕಾಗುವ ಕಡೆ ಹನ್ನೊಂದು ಹೊಡೆದಿದ್ದ. ಈಗ ಒಂದೊಂದೂ ಹಟ ಹಿಡಿದು ಕೂತಿತ್ತು.

"ಆವತ್ತೇ ಹೇಳ್ದೆ, ಸಾಕು ಕಣ್ರೀ, ಬೋರ್ಡು ಎಲ್ಲೂ ಓಡೋಗಲ್ಲ ಅಂತ," ಎಂದಳು ಏಣಿ ಹಿಡಿದಿದ್ದ ಹೆಂಡತಿ. ದರ್ಜಿಯಾದ ಅವಳ ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು.

"ಬೋರ್ಡೂ ಓಡ್ಲಿಲ್ಲ, ಕೊನೇ ಸಿನಿಮಾನೂ ಓಡ್ಲಿಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ. ಏಣಿ ಅಲ್ಲಾಡಿತು. ಅವನೂ ನಕ್ಕ. ನಿಜ ಹೇಳಬೇಕೆಂದರೆ ಕಂಪನಿ ಮುಚ್ಚಿದ್ದಕ್ಕೆ ಅವನಿಗೆ ಅಷ್ಟೇನೂ ಸಂಕಟವಾಗಿರಲಿಲ್ಲ. ಎದೆಯಲ್ಲಿ ಮುಳ್ಳಾಗಿ ಕೂತಿದ್ದವಳು ಅಕ್ಕ. ಹೆತ್ತ ತಾಯಿಯ ಹಾಗೆ ಸಾಕಿದ ಅಕ್ಕನ ಜೊತೆ ಮಾತು ನಿಂತು ಎರಡು ವರ್ಷವಾಗಿತ್ತು.

ಕಂಪನಿ ಹುಟ್ಟಿದಾಗ ಯಾರ ಕೈಯಲ್ಲೂ ಕಾಸಿರಲಿಲ್ಲ. ಎಲ್ಲ ಮುಯ್ಯಾಳಿನ ಮೇಲೆ ನಡೆಯಿತು. ಇವತ್ತು ನೀನು ನನ್ನ ಕೆಲಸಕ್ಕೆ ಬಾ, ನಾಳೆ ನಾನು ನಿನ್ನ ಕೆಲಸಕ್ಕೆ ಬರುತ್ತೇನೆ, ಅಷ್ಟೆ. ಬಡಗಿ ಬಂದು ಸಿನಿಮಾಕ್ಕೆ ಬೇಕಾದ ಬಾಗಿಲು, ಕಿಟಕಿ, ಸುಳ್ಳು ಮನೆ ಎಲ್ಲ ಕಟ್ಟಿಕೊಟ್ಟ. ಕಂಪನಿಗೆ ಕಂಪನಿಯೇ ಹೋಗಿ ಒಂದು ದಿನ ಅವನ ಗರಗಸ ಎಳೆಯಿತು. ಕ್ಷೌರಿಕ ಎಲ್ಲರ ಮುಖಕ್ಕೂ ಬಣ್ಣ ಹಚ್ಚಿದ. ಇವರು ಅವನ ಅಂಗಡಿಗೆ ಸುಣ್ಣ ಹೊಡೆದರು. ಕ್ಯಾಮೆರಾ ಹಿಡಿದವನು ಮದುವೆ ಮನೆಗಳಲ್ಲಿ ವಿಡಿಯೋ ತೆಗೆಯುತ್ತಿದ್ದ ಒಬ್ಬ ರೈತನ ಮಗ. ಮಾತಾಡುವಾಗಲೂ ಎಡಗಣ್ಣು ಮುಚ್ಚಿಯೇ ಇರುತ್ತಿದ್ದುದರಿಂದ ಊರಿಗೆಲ್ಲ ಅವನು ಒಕ್ಕಣ್ಣ.

ಮೊದಲ ಸಿನಿಮಾಕ್ಕೆ ಒಂದು ಕೊಯ್ಲಿನ ದೃಶ್ಯ ಬೇಕಿತ್ತು. ಅಕ್ಕ ತನ್ನ ಗೋಧಿ ಹೊಲ ಕೊಟ್ಟಳು. ಬಾಡಿಗೆ ಕ್ಯಾಮೆರಾ ಬರುವವರೆಗೆ, ಹಣ್ಣಾದ ಪೈರನ್ನು ಹತ್ತು ದಿನ ಹಾಗೇ ನಿಲ್ಲಿಸಿ ಹಕ್ಕಿ ಕಾದಳು. ಆ ದಿನ ಇಪ್ಪತ್ತು ಜನ ಸಾಲಾಗಿ ಬಗ್ಗಿದರು. ಕ್ಷೌರಿಕ ಕುಡುಗೋಲನ್ನು ಕತ್ತರಿಯ ಹಾಗೆ ಆಡಿಸುತ್ತ ಹಿಂದೆ ಬಿದ್ದ. ಒಕ್ಕಣ್ಣ ಸ್ವಲ್ಪ ಹೊತ್ತು ಸಹಿಸಿದ. ಆಮೇಲೆ, "ಅಯ್ಯೋ, ಹಂಗಲ್ಲ ಕಣಯ್ಯಾ ಹಿಡಿಯೋದು!" ಎಂದು ಕೂಗಿ ಹೊಲಕ್ಕಿಳಿದುಬಿಟ್ಟ. ಅವನ ಸಾಲು ಮುಂದೆ ಹೋಗುವುದನ್ನು ಕಂಡು ಬಡಗಿಗೆ ರೋಷ ಬಂತು. ಬಡಗಿಯನ್ನು ಕಂಡು ನಿರ್ದೇಶಕನಾಗಿದ್ದ ರಿಪೇರಿಯವನೂ ಇಳಿದ. ಮಧ್ಯಾಹ್ನದ ಹೊತ್ತಿಗೆ ಹೊಲ ಬೋಳಾಯಿತು. ಎಲ್ಲರೂ ಸೊಂಟ ನೆಟ್ಟಗೆ ಮಾಡಿ ನೋಡಿದರೆ, ಬದುವಿನ ಮೇಲೆ ಕ್ಯಾಮೆರಾ ಒಂಟಿಯಾಗಿ ನಿಂತಿತ್ತು, ಕಣ್ಣಿನ ಮುಚ್ಚಳವನ್ನೂ ತೆಗೆಯದೆ.

ಅಕ್ಕ ನೆಲದ ಮೇಲೆ ಕೂತು ಕಣ್ಣೀರು ಬರುವಷ್ಟು ನಕ್ಕಳು. "ನನ್ನ ಕೊಯ್ಲೇನೋ ಪುಕ್ಕಟೆ ಆಯ್ತು. ನಿಮ್ಮ ಸಿನಿಮಾ ಎಲ್ರಪ್ಪಾ?"

ಮರುವರ್ಷ ಮತ್ತೆ ಪೈರು ನಿಲ್ಲಿಸಿದಳು. ಆ ಸಲ ಒಕ್ಕಣ್ಣನ ಸೊಂಟಕ್ಕೆ ಹಗ್ಗ ಬಿಗಿದು ಕ್ಯಾಮೆರಾ ಕಾಲಿಗೆ ಕಟ್ಟಿದವಳೂ ಅವಳೇ. ಆ ಸಿನಿಮಾ ಟ್ರ್ಯಾಕ್ಟರ್ ಏರಿ ಹಳ್ಳಿ ಹಳ್ಳಿ ಸುತ್ತಿತು. ಪೇಟೆಯ ಟಾಕೀಸಿನವನು ಒಂದು ವಾರಕ್ಕೆಂದು ಹಾಕಿ, ಒಂಬತ್ತು ವಾರ ತೆಗೆಯಲಿಲ್ಲ. ಮುಂದಿನ ಚಿತ್ರಕ್ಕೂ ಜನ ಮುಗಿಬಿದ್ದರು. ಎರಡನೆಯ ಸಲ ಹೊಲ ಕೊಟ್ಟಿದ್ದಕ್ಕೆ ಅಕ್ಕನಿಗೆ ಸಲ್ಲಬೇಕಾದ ಮುಯ್ಯಿ ಮಾತ್ರ ಬಾಕಿ ಉಳಿಯಿತು. "ಊರು ಸುತ್ತಿಕೊಂಡು ಬನ್ನಿ, ಹೊಲ ಎಲ್ಲಿ ಹೋಗುತ್ತೆ," ಎಂದಿದ್ದಳು.

ಆಮೇಲೆ ದೊಡ್ಡ ಪೇಟೆಯಿಂದ ಒಬ್ಬ ಪಾಲುದಾರ ಬಂದ. ವ್ಯಾನುಗಳು ಬಂದವು, ಗೋಡೆಗೆ ಗಡಿಯಾರ ಬಂತು. ಮುಯ್ಯಿ ಗಿಯ್ಯಿ ಬಿಡಿ, ಗಂಟೆಗಿಷ್ಟು ಕೂಲಿ ಎಂದ. ಗಡಿಯಾರ ಐದು ಹೊಡೆಯುತ್ತಲೇ ಬಡಗಿ ಅರ್ಧ ಬಡಿದ ಮೊಳೆಯನ್ನು ಅಲ್ಲೇ ಬಿಟ್ಟು ಮನೆಗೆ ಹೋಗಲು ಕಲಿತ. ಆ ವರ್ಷದ ಕೊಯ್ಲಿಗೆ ಅಕ್ಕ ಹೇಳಿ ಕಳಿಸಿದಳು. ರಿಪೇರಿಯವನಿಗೆ ಪುರುಸೊತ್ತಿರಲಿಲ್ಲ, ಹತ್ತು ಕೂಲಿಯಾಳುಗಳನ್ನು ಅಟ್ಟಿದ. ಅಕ್ಕ ಅವರಿಗೆ ನೀರು ಕೊಟ್ಟು, ನೆರಳಲ್ಲಿ ಕೂರಿಸಿ, ವಾಪಸು ಕಳಿಸಿದಳು. "ನಾನು ಆಳು ಕೇಳಿರ್ಲಿಲ್ಲ, ನನ್ನ ತಮ್ಮನ್ನ ಕರೆದಿದ್ದೆ ಅನ್ನಿ," ಎಂದಿದ್ದಳಂತೆ.

ಅದೇ ಕೊನೆಯ ಮಾತು. ಮೂರನೆಯ ಸಿನಿಮಾ ಬಿಡುಗಡೆಯಾದ ಮೂರನೆಯ ದಿನ, ಟಾಕೀಸಿನ ಗೇಟಿನವನು ಖಾಲಿ ಬಿದ್ದ ಮುಂದಿನ ಸಾಲಿನಲ್ಲಿ ಕಾಲು ಚಾಚಿ ನಿದ್ದೆ ಹೊಡೆಯುತ್ತಿದ್ದ. ಪಾಲುದಾರ ವ್ಯಾನುಗಳ ಜೊತೆ ಮಾಯವಾದ.

ಹನ್ನೊಂದನೆಯ ಮೊಳೆ ಬಂತು. ಬೋರ್ಡು ಕೆಳಗಿಳಿಯಿತು. ಹೆಂಡತಿ ಅದನ್ನು ಟೇಪಿನಿಂದ ಅಳೆದಳು.

"ಬಟ್ಟೆ ಕತ್ತರಿಸೋಕೆ ಹೇಳಿ ಮಾಡಿಸಿದ ಹಾಗಿದೆ. ನೀವು ಕುಡುಗೋಲು ತಗೊಂಡು ಹೊರಡಿ."

"ಎಲ್ಲಿಗೆ?"

"ಗೊತ್ತಿಲ್ವಾ? ಊರಲ್ಲಿ ಎಲ್ಲರ ಹೊಲಾನೂ ಆಯ್ತು. ನಿಮ್ಮಕ್ಕನ ಹೊಲ ಒಂದೇ ನಿಂತಿರೋದು. ಹಣ್ಣಾಗಿ ಹತ್ತು ದಿನ ಆಯ್ತಂತೆ."

ಅವನು ಏಣಿಯ ಕೊನೆಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಹತ್ತು ದಿನ. ಅಕ್ಕ ಅಷ್ಟು ದಿನ ಯಾರಿಗಾಗಿ ಪೈರು ನಿಲ್ಲಿಸುತ್ತಾಳೆಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆದರೂ ಹೊಲ ಮುಟ್ಟುವವರೆಗೆ ಒಂದೇ ಅಳುಕು. ಮುಖ ತಿರುಗಿಸಿಬಿಟ್ಟರೆ?

ಅಕ್ಕ ಬದುವಿನ ಮೇಲೆ ಕುಡುಗೋಲು ಮಸೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಅಕ್ಕಾ... ಕಂಪನಿ ಮುಚ್ದೆ."

"ಮೊಳೆ ಕೀಳೋ ಸದ್ದು ಇಲ್ಲೀವರೆಗೂ ಬಂತು. ಎಷ್ಟು ಹೊಡೆದಿದ್ದೆ?"

"ಹನ್ನೊಂದು."

"ದಡ್ಡ," ಎಂದಳು. ಆ ದನಿಯಲ್ಲಿ ಅವನು ಏಳು ವರ್ಷದ ಹುಡುಗನಾಗಿಬಿಟ್ಟ. "ನಾನು ಆವತ್ತು ಬರ್ಬೇಕಿತ್ತಕ್ಕ," ಎಂದ.

"ಹ್ಞೂಂ, ಬರ್ಬೇಕಿತ್ತು. ಈಗ ಬಂದಿದ್ದೀಯಲ್ಲ, ಬಗ್ಗು. ಆ ಸಾಲು ನಿಂದು."

ಹತ್ತು ಹೆಜ್ಜೆಗೆ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಅಷ್ಟರಲ್ಲಿ ದಾರಿಯ ಕಡೆ ಗದ್ದಲ. ಹೆಂಡತಿ ಸೈಕಲ್ಲು ತುಳಿದು ಮನೆಮನೆಗೆ ಹೋಗಿದ್ದಳು. ಹಿಂದೆ ಬಡಗಿ, ಕ್ಷೌರಿಕ, ಹೆಗಲ ಮೇಲೆ ತನ್ನ ಹಳೆಯ ಮದುವೆ ಕ್ಯಾಮೆರಾ ಹೊತ್ತ ಒಕ್ಕಣ್ಣ.

"ಕೂಲಿ ಕೊಡ್ತೀಯೇನೋ?" ಎಂದು ಬಡಗಿ ಬದುವಿನಿಂದಲೇ ಕೂಗಿದ.

"ಇಲ್ಲ ಕಣೋ."

"ಹಾಗಾದ್ರೆ ಇಳೀತೀನಿ."

"ಗಡಿಯಾರ ಎಲ್ಲಯ್ಯಾ?" ಎಂದ ಕ್ಷೌರಿಕ.

"ಮಾರಿಬಿಟ್ಟೆ."

"ಒಳ್ಳೇದಾಯ್ತು. ಅದರ ಟಿಕ್ ಟಿಕ್‌ಗೆ ನನ್ನ ಕೈ ನಡುಗಿ ಹೀರೋ ಮೀಸೆ ಸೊಟ್ಟ ಬರ್ತಿತ್ತು."

ಒಕ್ಕಣ್ಣ ಕ್ಯಾಮೆರಾ ನಿಲ್ಲಿಸಿ, ಎಲ್ಲರೂ ನೋಡುವ ಹಾಗೆ ಮುಚ್ಚಳ ತೆಗೆದು ಜೇಬಿಗೆ ಹಾಕಿಕೊಂಡ. "ಅಕ್ಕಾ, ಈ ಸಲ ಹಗ್ಗ ಬೇಡ. ನಿಮ್ಮಾಣೆ, ಅಲ್ಲಾಡಲ್ಲ."

ಇಪ್ಪತ್ತು ಮಾರು ಕೊಯ್ದ ಮೇಲೆ ರಿಪೇರಿಯವನು ಪಕ್ಕಕ್ಕೆ ತಿರುಗಿದ. ಪಕ್ಕದ ಸಾಲಿನಲ್ಲಿ ಒಕ್ಕಣ್ಣ, ಎರಡೂ ಕಣ್ಣು ಅರಳಿಸಿಕೊಂಡು ಸರಸರ ಕೊಯ್ಯುತ್ತಿದ್ದ.

"ಮುಚ್ಚಳ ತೆಗ್ದಿದ್ದೆನಲ್ಲಾ!" ಎಂದ ಒಕ್ಕಣ್ಣ.

"ಗುಂಡಿ ಒತ್ತಿದ್ದೆಯಾ?"

ಒಕ್ಕಣ್ಣ ನಾಲಿಗೆ ಕಚ್ಚಿಕೊಂಡ. ಹೊಲಕ್ಕೆ ಹೊಲವೇ ನಕ್ಕಿತು.

ಹೊತ್ತು ಇಳಿಯುವಾಗ ಒಂದು ಮೂಲೆಯಲ್ಲಿ, ಹಾಸಿಗೆ ಹಾಸುವಷ್ಟು ಜಾಗದಲ್ಲಿ ಪೈರು ಉಳಿದಿತ್ತು. ರಿಪೇರಿಯವನು ಬಗ್ಗಿದ. ಅಕ್ಕ ಅಡ್ಡ ಬಂದು ನಿಂತಳು.

"ಅದು ಇರ್ಲಿ."

"ಇದೊಂದು ಆದ್ರೆ ಮುಯ್ಯಿ ಚುಕ್ತಾ ಅಕ್ಕ."

"ಚುಕ್ತಾ ಮಾಡು ಅಂತ ಯಾರು ಕೇಳಿದ್ರು ನಿನ್ನ? ಇದಕ್ಕೆ ನಾಳೆ ಬಾ." ಅವಳು ಅವನ ಕೈಯಿಂದ ಕುಡುಗೋಲು ಕಿತ್ತು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಆ ಒಕ್ಕಣ್ಣನ್ನೂ ಕರ್ಕೊಂಡು ಬಾ. ಹಗ್ಗ ನಾನು ತರ್ತೀನಿ."